ದೇವೀರಮ್ಮನ ಪ್ಲೂಟೊ

ಒಂಬತ್ತನೇ ಗ್ರಹವನ್ನು ಬರೆಯುವಾಗಲೇ ಶಿವರಾಮು ಮೇಷ್ಟ್ರಿಗೆ ಅದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಬರೆದರು. ಈ ಕತೆಯಲ್ಲಿ ಅವರು ಮಾಡಿದ ಅಪರಾಧ ಅದೊಂದೇ. ಉಳಿದದ್ದನ್ನೆಲ್ಲ ಊರಿನವರು ಸೇರಿಕೊಂಡು ಮಾಡಿದರು.

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಮರಳಿಕೊಪ್ಪಲಿನಲ್ಲಿ ಒಂದು ಪದ್ಧತಿಯಿದೆ. ಶಾಲೆಗೆ ಯಾರೇ ಏನೇ ಕೊಡಲಿ, ಅದರ ಮೇಲೆ ಆ ಮನೆಯಲ್ಲಿ ತೀರಿಕೊಂಡವರ ಹೆಸರು ಇರಲೇಬೇಕು. ನೀರಿನ ಡ್ರಮ್ಮು ಒಬ್ಬರ ಜ್ಞಾಪಕಾರ್ಥ, ಗಂಟೆ ಇನ್ನೊಬ್ಬರ ಜ್ಞಾಪಕಾರ್ಥ. ಐದನೇ ತರಗತಿಯ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಒಬ್ಬನೇ ತಾತನ ಹೆಸರಿದೆ. ಫ್ಯಾನು ತಿರುಗಿದರೆ ತಾತ ಕಾಣುವುದಿಲ್ಲವೆಂದು ಅವನ ಮೊಮ್ಮಗ ಬಂದಾಗಲೆಲ್ಲ, ಮಕ್ಕಳು ಬೆವರುತ್ತಿದ್ದರೂ ಸರಿಯೇ, ಅದನ್ನು ಆರಿಸಿ ಐದು ನಿಮಿಷ ನೋಡಿಕೊಂಡು ಹೋಗುತ್ತಾನೆ.

ಹೋದ ವರ್ಷ ಕಾಂಪೌಂಡ್ ಗೋಡೆಯ ಮೇಲೆ ಸೌರಮಂಡಲ ಬರೆದರೆ ಚೆನ್ನಾಗಿರುತ್ತದೆ ಎಂದು ಶಿವರಾಮು ಮೇಷ್ಟ್ರು ಸಭೆಯಲ್ಲಿ ಬಾಯಿಬಿಟ್ಟರು. ಗ್ರಹಗಳ ಬಣ್ಣದ ಖರ್ಚು ಕೊಡಲು ಜನ ಅಲ್ಲೇ ಮುಂದೆ ಬಂದರು. ಎಲ್ಲಕ್ಕಿಂತ ದೊಡ್ಡದಾದ ಗುರು, ಶಾಲಾ ಸಮಿತಿಯ ಅಧ್ಯಕ್ಷ ಕರಿಯಪ್ಪನ ತಾತನಿಗೆ ಹೋಯಿತು. ಬುಧ, ಹಾಲಿನ ಡೈರಿಯ ಸೆಕ್ರೆಟರಿ ಪುಟ್ಟರಾಜುವಿನ ಅಪ್ಪ ನಿಂಗಯ್ಯನಿಗೆ. ಶನಿ ಮಾತ್ರ ಯಾರಿಗೂ ಬೇಡವಾಗಿತ್ತು. ಬಿಸಿಯೂಟದ ಚಲುವಮ್ಮ ಎದ್ದು, "ನಂಗ್ ಕೊಡಿ. ಬಳೆ ಆಕ್ಕಂಡಿರೋದು ಅದೊಂದೇ ಅಲ್ವಾ? ನಮ್ಮತ್ತೆಗೆ ಬಳೆ ಅಂದ್ರೆ ಪ್ರಾಣ" ಎಂದಳು. ಸೊಸೆಯೊಬ್ಬಳು ಅತ್ತೆಯನ್ನು ಶನಿಗೆ ಸೇರಿಸಿದ್ದರಲ್ಲಿ ಬರೀ ಬಳೆಯ ಪ್ರೀತಿಯಷ್ಟೇ ಇತ್ತೆಂದು ಊರಿನವರು ಈಗಲೂ ನಂಬುವುದಿಲ್ಲ.

ಎಂಟೂ ಬರೆದು ಮುಗಿದ ಮೇಲೆ ದೊಡ್ಡಸಿದ್ದಯ್ಯ ಬಂದ. ಹೆಂಡತಿ ದೇವೀರಮ್ಮನ ವರ್ಷದ ಕಾರ್ಯ ಮುಗಿಸಿ, ಮುತ್ತತ್ತಿಗೆ ಹೋಗಿ ಬರುವಷ್ಟರಲ್ಲಿ ತಡವಾಗಿತ್ತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದು ಹೆಸರುಗಳನ್ನೆಲ್ಲ ಓದಿಸಿಕೊಂಡ. ಕೊನೆಗೆ, "ನಮ್ ದೇವೀರಿಗೆ ಒಂದೂ ಉಳೀನಿಲ್ವಾ ಮೇಷ್ಟ್ರೇ?" ಎಂದು ಟವೆಲನ್ನು ಹಿಂಡುತ್ತ ನಿಂತುಕೊಂಡ.

ಶಿವರಾಮು ಏನು ಹೇಳಿಯಾರು? ಆರು ವರ್ಷದ ಹಿಂದೆ ಅವರು ಒಂದು ಸೂಟ್‌ಕೇಸು ಹಿಡಿದು ಈ ಊರಿನಲ್ಲಿ ಬಸ್ಸಿಳಿದಾಗ ಬಾಡಿಗೆಗೆ ಒಂದು ಕೋಣೆಯೂ ಇರಲಿಲ್ಲ. ಆಗ ದೇವೀರಮ್ಮ ತನ್ನ ಮನೆಯ ಪಕ್ಕದ ಕೋಣೆಯ ಬಾಗಿಲು ತೆಗೆದು, ಬಿಸಿ ಮುದ್ದೆ ಬಸ್ಸಾರು ಮುಂದಿಟ್ಟು, "ಉಂಡ್ಕಂಡ್ ಮಲಿಕ್ಕಳಿ ಮಗ, ಊರ್ನ ನಾಳೀಕ್ ನೋಡೀರಂತೆ" ಎಂದಿದ್ದಳು. ಸಾಯುವವರೆಗೂ ಅವರನ್ನು ಮಗ ಎಂದೇ ಕರೆದಳು. ಆಕೆಗೆ ಆಕಾಶದಲ್ಲಿ ಜಾಗವಿಲ್ಲ ಎನ್ನಲು ಶಿವರಾಮುವಿಗೆ ನಾಲಗೆ ಏಳಲಿಲ್ಲ. ಗೋಡೆಯ ಕೊನೆಯಲ್ಲಿ, ನಲ್ಲಿಯ ಪಕ್ಕ, ಕಿತ್ತಳೆ ಹಣ್ಣಿನಷ್ಟು ದೊಡ್ಡ ಕೆಂಪು ಪ್ಲೂಟೊ ಬರೆದು, ಕೆಳಗೆ 'ದಿವಂಗತ ದೇವೀರಮ್ಮನವರ ಜ್ಞಾಪಕಾರ್ಥ' ಎಂದು ಮುದ್ದಾದ ಅಕ್ಷರದಲ್ಲಿ ತುಂಬಿದರು.

ವರ್ಷವಿಡೀ ಯಾರೂ ಏನೂ ಅನ್ನಲಿಲ್ಲ. ಆದರೆ ಈ ದಿನ ಬೆಳಿಗ್ಗೆ ಮುಖ್ಯ ಶಿಕ್ಷಕಿ ನಾಗಶ್ರೀ ಮೇಡಂ ಶಿವರಾಮುವನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ಕಾಗದವಿತ್ತು. ಶಿವರಾಮು ಆರು ವರ್ಷದಿಂದ ಕಾಯುತ್ತಿದ್ದ ಮಂಡ್ಯದ ವರ್ಗಾವಣೆಯದು. ಮಂಡ್ಯದಲ್ಲಿ ಅವರ ಹೆಂಡತಿ ಶ್ವೇತ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಮಗಳು ದೀಪಿಕ ಎರಡನೇ ಕ್ಲಾಸು. ಶಿವರಾಮು ಶನಿವಾರ ಹೋಗಿ ಸೋಮವಾರ ಬರುವ ಅಪ್ಪ. ಮಗಳು ಮೊನ್ನೆ ಚಿತ್ರ ಬರೆಯುವಾಗ ಅಮ್ಮ, ತಾನು, ಒಂದು ನಾಯಿ ಬರೆದು, ಅಪ್ಪನನ್ನು ಬಸ್ಸಿನ ಕಿಟಕಿಯಲ್ಲಿ ಬರೆದಿದ್ದಳು. ಶ್ವೇತ ಅದನ್ನು ಫೋಟೋ ತೆಗೆದು ಕಳಿಸಿದ ಮೇಲೆ ಅವರಿಗೆ ಎರಡು ದಿನ ಊಟ ಸೇರಿರಲಿಲ್ಲ.

"ಸಂಜೆ ನಾಲ್ಕಕ್ಕೆ ನಿಮ್ಮನ್ನ ರಿಲೀವ್ ಮಾಡಿಬಿಡ್ತೀನಿ ಸಾರ್. ಆದ್ರೆ ಮೂರು ಗಂಟೆಗೆ ಮಂಡ್ಯದಿಂದ ಜಯಪ್ರಕಾಶ್ ಸಾಹೇಬ್ರ ತಂಡ ಶಾಲೆ ನೋಡೋಕೆ ಬರ್ತಿದೆ. ನಮ್ಮ ಗೋಡೇಲಿ ಎಷ್ಟು ಗ್ರಹ ಇದೆ?" ಎಂದರು ಮೇಡಂ.

"ಒಂಬತ್ತು ಮೇಡಂ."

"ಪುಸ್ತಕದಲ್ಲಿ?"

"ಎಂಟು."

"ಸಾಹೇಬ್ರು ಎಂ.ಎಸ್ಸಿ. ಫಿಸಿಕ್ಸು. ತಪ್ಪು ಕಂಡ್ರೆ ನೋಟೀಸ್ ಕೊಡದೆ ಹೋಗಲ್ಲ. ನೋಟೀಸಿಗೆ ಉತ್ತರ ಬಾಕಿ ಇರೋವರನ್ನ ರಿಲೀವ್ ಮಾಡೋಕೆ ಬರಲ್ಲ. ರಿಲೀವ್ ಆಗೋಕೆ ಇವತ್ತೇ ಕೊನೇ ತಾರೀಖು. ಮುಂದಿಂದು ನಿಮಗೇ ಗೊತ್ತು."

ಶಿವರಾಮುವಿಗೆ ಚೆನ್ನಾಗಿ ಗೊತ್ತಾಯಿತು. ಒಂದೇ ಉಸಿರಿಗೆ ಮಳವಳ್ಳಿಗೆ ಹೋಗಿ ಗೋಡೆಯ ಆಕಾಶಕ್ಕೆ ಬಳಿದಿದ್ದ ಕಡುನೀಲಿ ಬಣ್ಣ ಒಂದು ಡಬ್ಬ ತಂದರು. ದೊಡ್ಡಸಿದ್ದಯ್ಯ ಬೆಳಿಗ್ಗೆ ಗದ್ದೆಗೆ ಹೋದರೆ ಮಧ್ಯಾಹ್ನದ ಮೇಲೇ ಬರುವುದು. ಅಷ್ಟರಲ್ಲಿ ಬಳಿದುಬಿಟ್ಟು, ನಾಲ್ಕೂವರೆ ಬಸ್ಸು ಹತ್ತಿದರೆ, ಮುದುಕನ ಮುಖ ನೋಡುವ ಕಷ್ಟವೂ ಇರುವುದಿಲ್ಲ. ಹೀಗೆ ಯೋಚಿಸಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಆದರೂ ಬ್ರಷ್ಷನ್ನು ಬಣ್ಣಕ್ಕೆ ಅದ್ದಿ ಒಂದು ಗೀರು ಎಳೆದರು.

"ಯಾರ್ನ ಅಳುಸ್ತಾ ಇದೀರಿ ಮೇಷ್ಟ್ರೇ?"

ಬೆನ್ನ ಹಿಂದೆ ಚಲುವಮ್ಮ. ನಲ್ಲಿಯಲ್ಲಿ ಅಕ್ಕಿ ತೊಳೆಯಲು ಬಂದವಳು ಸೊಂಟದ ಮೇಲೆ ಪಾತ್ರೆ ಇಟ್ಟುಕೊಂಡು ನೋಡುತ್ತಿದ್ದಳು.

"ಅಳಿಸ್ತಿಲ್ಲ ಚಲುವಮ್ಮ, ಸ್ವಲ್ಪ... ಸರಿ ಮಾಡ್ತಿದೀನಿ."

"ಸರಿ ಮಾಡಕೆ ನೀಲಿ ಬಣ್ಣ ಯಾಕೆ? ದೇವೀರಮ್ಮಕ್ಕ ಕೆಂಪಗವ್ಳೆ."

ಶಿವರಾಮು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿಬಿಟ್ಟರು. ಪ್ಲೂಟೊ ಗ್ರಹವಲ್ಲ, ಸಾಹೇಬರು ಬರುತ್ತಾರೆ, ನೋಟೀಸು, ಬಸ್ಸು, ಮಗಳು. ಚಲುವಮ್ಮನಿಗೆ ಮಗಳ ವಿಷಯ ಕೇಳಿ ಕಣ್ಣು ತುಂಬಿತು. "ನಾನ್ ಯಾರ್ಗೂ ಏಳಾಕಿಲ್ಲ ಬುಡಿ. ನನ್ ಬಾಯಿಂದ ಒಂದ್ ಮಾತ್ ಬತ್ತದಾ?" ಎಂದು ಆಣೆ ಮಾಡಿ ಅಡುಗೆ ಮನೆಗೆ ಹೋದಳು.

ಅನ್ನ ಬೇಯುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು.

ಮೊದಲು ಬಂದವನು ಪುಟ್ಟರಾಜು. ಹಿಂದೆಯೇ ಅಧ್ಯಕ್ಷ ಕರಿಯಪ್ಪ. ಅವರ ಹಿಂದೆ ಗ್ರಹ ಇದ್ದವರು, ಗ್ರಹ ಇಲ್ಲದವರು, ಸುಮ್ಮನೆ ಹೊತ್ತು ಹೋಗದವರು. ಅರ್ಧ ಗಂಟೆಯಲ್ಲಿ ಹೊಂಗೆ ಮರದ ಕೆಳಗೆ ಐವತ್ತು ಜನ ಸೇರಿದರು. ಶಿವರಾಮು ಕೈಯಲ್ಲಿ ಬ್ರಷ್ಷು ಹಿಡಿದು, ಹಾಲು ಕುಡಿಯಲು ಹೋಗಿ ಸಿಕ್ಕಿಬಿದ್ದ ಬೆಕ್ಕಿನಂತೆ ನಡುವೆ ನಿಂತಿದ್ದರು.

"ಅಲ್ಲಾ ಮೇಷ್ಟ್ರೇ, ನಾವ್ ಓದೋವಾಗ ಒಂಬತ್ತಿದ್ದೊ. ಒಂದ್ ಎಲ್ಲಿಗೋಯ್ತು? ಯಾರಾರ ಎತ್ಕಂಡೋದ್ರಾ?" ಎಂದ ಕರಿಯಪ್ಪ.

"ಎಲ್ಲೂ ಹೋಗಿಲ್ಲ ಅಧ್ಯಕ್ಷರೇ. ಅದು ಅಲ್ಲೇ ಇದೆ. ಗ್ರಹ ಅನ್ನೋ ಹೆಸರು ಮಾತ್ರ ಹೋಯ್ತು. ಎರಡು ಸಾವಿರದ ಆರರಲ್ಲಿ ವಿಜ್ಞಾನಿಗಳೆಲ್ಲ ಯೂರೋಪಿನಲ್ಲಿ ಸಭೆ ಸೇರಿ, ಚೀಟಿ ಮೇಲೆತ್ತಿ ಹಿಡಿದು ಓಟು ಹಾಕಿ ತೆಗೆದ್ರು."

"ಓಟಾ?" ಮಲಗಿದ್ದವರೂ ಎದ್ದು ಕೂತರು.

"ಎಷ್ಟ್ ಓಟ್ ಬಿದ್ದೊ?" ಎಂದ ಪುಟ್ಟರಾಜು.

"ಸಭೇಲಿ ಕೊನೇವರೆಗೆ ಉಳಿದಿದ್ದೋರು ನಾನೂರು ಚಿಲ್ಲರೆ ಜನ."

"ಎಲಾ ಇವರಾ! ನಮ್ ಡೈರಿ ಎಲೆಕ್ಸನ್ನಿಗೇ ಆರ್ನೂರ್ ಓಟ್ ಬಿದ್ದವೆ! ನಾನೂರ್ ಜನ ಸೇರ್ಕಂಡು ಗ್ರಹಾನೇ ತೆಗೆದಾಕುದ್ರಾ? ಕೋರಂ ಇತ್ತಾ ಮೇಷ್ಟ್ರೇ? ನೋಟೀಸ್ ಕೊಟ್ಟಿದ್ರಾ?"

"ಅದು ಹಾಗಲ್ಲ ಪುಟ್ಟರಾಜು. ವಿಜ್ಞಾನದಲ್ಲಿ ಹೊಸದು ತಿಳಿದಾಗ ಹಳೇದನ್ನ ಬಿಡಬೇಕಾಗುತ್ತೆ. ಹಿಂದೆ ಎಲ್ಲರೂ ಭೂಮಿ ನಡುವೆ ಇದೆ, ಸೂರ್ಯ ಚಂದ್ರ ಎಲ್ಲ ನಮ್ಮನ್ನೇ ಸುತ್ತುತ್ತವೆ ಅಂದ್ಕೊಂಡಿದ್ರು. ಸಾವಿರಾರು ವರ್ಷ ಹಾಗೇ ನಡೀತು. ಆಮೇಲೆ ಪೋಲೆಂಡಿನಲ್ಲಿ ಒಬ್ಬ, ಇಲ್ಲ, ಸೂರ್ಯ ನಡುವೆ ಇದ್ದಾನೆ, ನಾವೇ ಸುತ್ತೋದು ಅಂದ. ಇಟಲಿಯವನೊಬ್ಬ ದುರ್ಬೀನು ಹಿಡಿದು ನೋಡಿ, ಹೌದು ಅಂದ. ಅವನನ್ನ ಮನೇಲೇ ಕೂಡಿಹಾಕಿದ್ರು."

"ಅಂದ್ರೆ ಮೊದ್ಲು ಭೂಮಿ ಅಧ್ಯಕ್ಷ, ಆಮೇಲೆ ಸೂರ್ಯ ಅಧ್ಯಕ್ಷ" ಎಂದು ಪುಟ್ಟರಾಜು ಎಲ್ಲರಿಗೂ ಬಿಡಿಸಿ ಹೇಳಿದ.

"ಸೂರ್ಯನೂ ಉಳೀಲಿಲ್ಲ. ಅವನ ಥರದವರು ಕೋಟಿಗಟ್ಟಲೆ ಇದ್ದಾರೆ, ಅವನೂ ಎಲ್ಲೋ ಒಂದು ಮೂಲೇಲಿ ಸುತ್ತುತ್ತಿದ್ದಾನೆ ಅಂತ ಆಮೇಲೆ ಗೊತ್ತಾಯ್ತು."

ಕರಿಯಪ್ಪನಿಗೆ ಈ ಮಾತು ಅಷ್ಟು ಹಿಡಿಸಲಿಲ್ಲ. ಅವನ ಅವಧಿ ಮುಂದಿನ ತಿಂಗಳು ಮುಗಿಯಲಿತ್ತು. "ಇಂಗೇ ಬದಲಾಯಿಸ್ತಾ ಓದ್ರೆ ಮಕ್ಳು ಯಾವ್ದುನ್ನ ಕಲೀಬೇಕು?" ಎಂದು ಗೊಣಗಿದ.

"ಗುಡೀಲಿ ನವಗ್ರಹ ಅಂತ ಒಂಬತ್ತವೆ ಮೇಷ್ಟ್ರೇ. ಸುಳ್ಳಾ?" ಎಂದಳು ಚಲುವಮ್ಮ. ಅನ್ನದ ಸೌಟು ಇನ್ನೂ ಕೈಯಲ್ಲೇ ಇತ್ತು.

"ಸುಳ್ಳಲ್ಲ ಚಲುವಮ್ಮ, ಲೆಕ್ಕ ಬೇರೆ. ಅದರಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಸೇರ್ತಾರೆ. ಭೂಮಿ ಇಲ್ಲ."

"ಭೂಮೀನೇ ಇಲ್ವಾ?"

"ನಾವು ನಿಂತ್ಕೊಂಡು ನೋಡೋ ಜಗಲಿ ಅದು. ಜಗಲಿ ಮೇಲೆ ಕೂತು ಬೀದಿ ಮನೆ ಎಣಿಸೋವಾಗ ನಮ್ಮನೇನ ಬಿಟ್ಟೇ ಎಣಿಸ್ತೀವಲ್ಲ, ಹಾಗೆ."

ಅದು ಎಲ್ಲರ ತಲೆಗೂ ಹತ್ತಿತು. ಶಿವರಾಮುವಿಗೆ ಬೆಳಿಗ್ಗೆಯಿಂದ ಮೊದಲ ಬಾರಿಗೆ ಸಂತೋಷವಾಯಿತು. ತರಗತಿಯಲ್ಲಿ ಇಷ್ಟು ಚೆನ್ನಾಗಿ ಪಾಠ ಕೇಳುವ ಒಬ್ಬ ಹುಡುಗನೂ ಅವರಿಗೆ ಸಿಕ್ಕಿರಲಿಲ್ಲ. ಆ ಉಮೇದಿನಲ್ಲಿ ಮಾಡಬಾರದ್ದನ್ನು ಮಾಡಿದರು. ಪ್ಲೂಟೊ ಎಷ್ಟು ಚಿಕ್ಕದು, ಎಷ್ಟು ದೂರ, ಎಷ್ಟು ಚಳಿ ಎಂದು ವಿವರಿಸಿದರು.

"ಅಯ್ಯೋ ಸಿವನೇ! ದೇವೀರಮ್ಮಕ್ಕಂಗೆ ಮಂಡಿನೋವಿತ್ತು. ಅಂತಾ ಚಳೀಲಿ ಒಂದ್ ವರ್ಸದಿಂದ ಕುಂತದಾ!" ಎಂದು ಚಲುವಮ್ಮ ಸೌಟನ್ನು ಎದೆಗೊತ್ತಿಕೊಂಡಳು. "ಯಾರಾದ್ರೂ ಬೆಚ್ಚಗಿರೋ ಜಾಗ ಬುಟ್ಕೊಡ್ರೋ."

"ಬೆಚ್ಚಗಿರೋದು ಯಾವ್ದು ಮೇಷ್ಟ್ರೇ?" ಎಂದ ಪುಟ್ಟರಾಜು.

"ನಿಮ್ಮದೇ. ಬುಧ. ಹಗಲು ಹೊತ್ತು ನಾನೂರು ಡಿಗ್ರಿ ದಾಟುತ್ತೆ."

ಪುಟ್ಟರಾಜುವಿನ ಮುಖ ಬಿಳಿಚಿತು. "ನಾನೂರಾ? ನಮ್ಮಪ್ಪಂಗೆ ಬಿಸ್ಲು ಕಂಡ್ರೆ ಆಯ್ತಿರ್ನಿಲ್ಲ ಕಣ್ರೀ! ಗದ್ದೆಗೂ ಸಂಜೆ ಮೇಲೆ ಓಯ್ತಿದ್ದ! ಮೊದ್ಲೇ ಏಳಬಾರ್ದಾ ಮೇಷ್ಟ್ರೇ? ದೇವೀರಮ್ಮಕ್ಕನ್ನ ಅಲ್ಲಿ ಕೂರ್ಸಿ, ನಮ್ಮಪ್ಪನ್ನ ತಂಪಾಗಿರೋ ಕಡೀಕ್ ತನ್ನಿ."

ಇಷ್ಟಾದ ಮೇಲೆ ಯಾರು ಸುಮ್ಮನಿರುತ್ತಾರೆ? ತಮ್ಮ ತಮ್ಮ ಹಿರಿಯರ ಯೋಗಕ್ಷೇಮ ವಿಚಾರಿಸಲು ಎಲ್ಲರೂ ಮೇಷ್ಟ್ರನ್ನು ಮುತ್ತಿಕೊಂಡರು. ಶುಕ್ರನ ಮನೆಯವರಿಗೆ ಅಲ್ಲಿ ಬುಧನಿಗಿಂತಲೂ ಸೆಕೆ, ಮೇಲಾಗಿ ಆಮ್ಲದ ಮೋಡ ಎಂದು ತಿಳಿದು ಅಳು ಬಂತು. ಯುರೇನಸ್ ಮಲಗಿಕೊಂಡೇ ಉರುಳುತ್ತದೆ ಎಂದಾಗ ಮಾತ್ರ ಆ ಮನೆಯವರು, "ಚಿಕ್ಕಪ್ಪಂಗೆ ಸರ್ಯಾಗದೆ, ಇರ್ಲಿ ಬುಡಿ" ಎಂದು ಒಪ್ಪಿಕೊಂಡರು.

ಕರಿಯಪ್ಪ ಮೀಸೆ ತೀಡಿ, "ನಮ್ ತಾತಂದು ಎಂಗದೆ? ದೊಡ್ ಗ್ರಹ, ಜಮೀನೂ ದೊಡ್ಡದೇ ಇರ್ಬೇಕು" ಎಂದ.

"ಗುರುವಿನಲ್ಲಿ ಜಮೀನಿಲ್ಲ ಅಧ್ಯಕ್ಷರೇ. ಅದು ಪೂರ್ತಿ ಅನಿಲ. ಕಾಲಿಡೋಕೆ ನೆಲವೇ ಇಲ್ಲ."

"ನೆಲ್ವೇ ಇಲ್ವಾ?" ಕರಿಯಪ್ಪ ಎದ್ದು ನಿಂತ. "ನಮ್ ತಾತ ಅನ್ನೆರ್ಡ್ ಎಕ್ರೆ ನೀರಾವರಿ ಮಾಡಿದ್ದೋನು! ಅಂತೋನ್ನ ಒಂದ್ ಗುಂಟೆ ಇಲ್ದಿರೋ ಕಡೆ ನಿಲ್ಸಿದೀರಾ? ನಂಗ್ ಭೂಮಿ ಕೊಡಿ. ಈಗ್ಲೇ ಕೊಡಿ."

"ನಮ್ಗೂ ಭೂಮಿ!" ಎಂದ ಪುಟ್ಟರಾಜು. "ನಮ್ಗೂ!" ಎಂದರು ಶುಕ್ರನ ಮನೆಯವರು. ಭೂಮಿಯನ್ನು ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕೊಟ್ಟಾಗಿತ್ತು. ಸಂಘದವರು ಯಾರೂ ಸ್ಥಳದಲ್ಲಿ ಇರಲಿಲ್ಲವಾದ್ದರಿಂದ ಅದು ಎಲ್ಲರ ಆಸ್ತಿಯಾಯಿತು. ಗಂಟೆ ಒಂದೂವರೆ. ನಾಗಶ್ರೀ ಮೇಡಂ ಆಫೀಸಿನ ಕಿಟಕಿಯಿಂದ ಗಡಿಯಾರವನ್ನೂ ಶಿವರಾಮುವನ್ನೂ ಸರದಿಯಂತೆ ನೋಡುತ್ತಿದ್ದರು.

ಆಗಲೇ ಗಲಾಟೆ ತಾನಾಗಿ ತಣ್ಣಗಾಯಿತು. ಗೇಟಿನಲ್ಲಿ ದೊಡ್ಡಸಿದ್ದಯ್ಯ ನಿಂತಿದ್ದ. ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು. ಯಾರೋ ಹೋಗಿ ಹೇಳಿದ್ದರು.

ಜನ ದಾರಿ ಬಿಟ್ಟರು. ಅವನು ಬಂದು ಪ್ಲೂಟೊ ಮುಂದೆ ನಿಂತ. ಅದರ ಮೇಲೆ ಒಂದು ಕಡೆ ಬ್ರಷ್ಷಿನ ನೀಲಿ ಗೀರು ಬಿದ್ದಿತ್ತು. ದೊಡ್ಡಸಿದ್ದಯ್ಯ ಟವೆಲಿನ ತುದಿಯಿಂದ ಅದನ್ನು ಒರೆಸಿದ. ಬಣ್ಣ ಒಣಗಿತ್ತು, ಹೋಗಲಿಲ್ಲ.

"ನಾನು ಬರೆದದ್ದೇ ತಪ್ಪು ಯಜಮಾನ್ರೇ" ಎಂದರು ಶಿವರಾಮು. "ಅದು ಗ್ರಹ ಅಲ್ಲ ಅಂತ ಆಗ್ಲೇ ಗೊತ್ತಿತ್ತು. ನಿಮಗೆ ಇಲ್ಲ ಅನ್ನೋಕೆ ಆಗ್ಲಿಲ್ಲ. ಇವತ್ತೂ ಹೇಳೋಕೆ ಧೈರ್ಯ ಇರಲಿಲ್ಲ. ಕಳ್ಳನ ಥರ ಅಳಿಸೋಕೆ ಬಂದೆ."

ದೊಡ್ಡಸಿದ್ದಯ್ಯ ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ದಿನಾ ಸಂಜೆ ನಲ್ಲಿ ತಾವ್ಕೆ ಕಾಲ್ ತೊಳಿಯಾಕೆ ಬತ್ತೀನಲ್ಲ, ಅದು ಇವಳ್ನ ಮಾತಾಡ್ಸಕೆ ಕಣ್ ಮೇಷ್ಟ್ರೇ" ಎಂದ. "ಇದೇ ಕೊನೇದು, ಇದ್ರಾಚೆ ಇಲ್ಲ ಅಂತ ನೀವ್ ಏಳಿದ್ರಿ. ಸದ್ಯ, ಇನ್ನೂ ದೂರಕ್ ಓಗಾಕಿಲ್ಲ ಬುಡು ಅಂತ ಸಮಾದಾನ ಆಗಿತ್ತು. ಓಗ್ಲಿ. ಸರ್ಕಾರದೋರು ಬತ್ತಾರೆ ಅಂದ್ರೆ ಅಳ್ಸಿ. ನೀವು ಮಗಳ್ ತಾವ್ಕೆ ಓಗ್ಬೇಕು. ದೇವೀರಿ ಇದ್ದಿದ್ರೂ ಅದನ್ನೇ ಏಳೋಳು."

ಚಲುವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಶಿವರಾಮುವಿಗೆ ಮುದುಕ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಆ ಕ್ಷಣದಲ್ಲಿ ಅವರ ತಲೆಗೆ ಅದು ಹೊಳೆಯಿತು.

"ಯಜಮಾನ್ರೇ, ಚಂದ್ರ ಆದ್ರೆ ಆಗುತ್ತಾ?"

"ಏನು?"

"ಚಂದ್ರ. ಗೋಡೇಲಿ ಭೂಮಿ ಪಕ್ಕ ಚಂದ್ರನ್ನ ಬರೆದೇ ಇಲ್ಲ. ಪುಸ್ತಕದಲ್ಲಿ ಇದ್ದಾನೆ, ಸಾಹೇಬ್ರೂ ಒಪ್ತಾರೆ, ಯಾರ ಓಟೂ ಬೇಕಿಲ್ಲ. ಗುಡೀಲೂ ಇದ್ದಾನೆ. ಮತ್ತೆ... ಹತ್ತಿರ."

ದೊಡ್ಡಸಿದ್ದಯ್ಯ ತಲೆಯೆತ್ತಿ ಮಧ್ಯಾಹ್ನದ ಖಾಲಿ ಆಕಾಶವನ್ನು ನೋಡಿದ. "ಅಂದ್ರೆ ನಮ್ಮನೆ ಮುಂದ್ಲ ಅಟ್ಟೀಲಿ ಮಂಚ ಆಕ್ಕಂಡು ಮಲಗುದ್ರೆ ಕಾಣ್ತಾಳೆ ಅನ್ನಿ."

"ಅಮಾವಾಸ್ಯೆ ಒಂದಿನ ಬಿಟ್ಟು."

"ಅಮಾಸೆಗೆ ತವರಿಗೆ ಓಯ್ತಾಳೆ, ಬುಡಿ" ಎಂದ ಮುದುಕ, ಹೆಂಡತಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಹಲ್ಲು ಬಿಟ್ಟು ನಕ್ಕ.

ಶಿವರಾಮು ಒಂದೇ ಸಮನೆ ಬರೆದರು. ಪ್ಲೂಟೊ ನೀಲಿಯಲ್ಲಿ ಮುಳುಗಿತು. ಭೂಮಿಯ ಪಕ್ಕ ಬಿಳಿಯ ಚಂದ್ರ ಮೂಡಿ, ಕೆಳಗೆ ದೇವೀರಮ್ಮನ ಹೆಸರು ಬಂತು. ಎಲ್ಲ ಮುಗಿದಾಗ ಎರಡೂ ಮುಕ್ಕಾಲು. ಸಾಹೇಬರು ಮದ್ದೂರಿನಲ್ಲಿ ವಡೆಗೆ ಇಳಿದಿದ್ದಾರಂತೆ ಎಂದು ಫೋನು ಬಂದು, ಬಣ್ಣ ಒಣಗಲು ಇನ್ನೂ ಅರ್ಧ ಗಂಟೆ ಸಿಕ್ಕಿತು. ಶಿವರಾಮು ಸೂಟ್‌ಕೇಸು ತಂದು ಆಫೀಸಿನ ಬಾಗಿಲಲ್ಲಿಟ್ಟು, ಶ್ವೇತಳಿಗೆ ಫೋನು ಮಾಡಿ, "ರಾತ್ರಿ ಊಟಕ್ಕೆ ಬರ್ತೀನಿ. ಇನ್ನು ವಾಪಸ್ ಹೋಗೋದಿಲ್ಲ ಅಂತ ದೀಪಿಕಂಗೆ ಹೇಳು" ಎಂದರು. ಆಚೆ ಕಡೆಯಿಂದ ಮಗಳು ಕೂಗಿದ್ದು ಕೇಳಿ ಅವರಿಗೆ ಕಣ್ಣೀರು ಬಂತು.

ಜಯಪ್ರಕಾಶ್ ಸಾಹೇಬರು ಮಿತಭಾಷಿಗಳೆಂದು ಹೆಸರಾಗಿದ್ದವರು. ಜೀಪಿನಿಂದ ಇಳಿದು ನೇರ ಗೋಡೆಯ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು ಒಂದೊಂದೇ ಗ್ರಹ ಎಣಿಸಿದರು. ಎಂಟಕ್ಕೆ ಬೆರಳು ನಿಂತಾಗ ಶಿವರಾಮುವಿನ ಎದೆಯಿಂದ ಒಂದು ಬಂಡೆ ಕೆಳಗಿಳಿಯಿತು.

"ಸರಿಯಾಗಿದೆ" ಎಂದರು ಸಾಹೇಬರು. "ಚಂದ್ರನ ಕೆಳಗಿರೋದು ಯಾರ ಹೆಸರು?"

ದೊಡ್ಡಸಿದ್ದಯ್ಯ ಮುಂದೆ ಬಂದು ಹೇಳಿದ. ನಲ್ಲಿಯ ಹತ್ತಿರ ಇದ್ದದ್ದು, ಅಲ್ಲಿಂದ ತೆಗೆದದ್ದು, ಇನ್ನು ಮೇಲೆ ದಿನಾ ಹಟ್ಟಿಯಲ್ಲಿ ಮಂಚ ಹಾಕಿಕೊಂಡು ನೋಡಬಹುದಾದದ್ದು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ನೋಡಿ ಪುಟ್ಟರಾಜು ಕರಿಯಪ್ಪನ ಕಿವಿಯಲ್ಲಿ, "ಎಂಗ್ ಗಿಟ್ಟಿಸ್ಕಂಡ ನೋಡ್ದಾ ಮುದ್ಕ? ನಮ್ಮಪ್ಪ ಬಿಸ್ಲಲ್ಲಿ ಬೇಯ್ತಾ ಬಿದ್ದವ್ನೆ, ಇವ್ನಿಗೆ ಚಂದ್ರ" ಎಂದ. ಕರಿಯಪ್ಪ ದೊಡ್ಡ ದನಿಯಲ್ಲೇ ಕೇಳಿದ.

"ಸಾ, ಚಂದ್ರ ಒಂದೇನಾ ಇರೋದು?"

ಮಿತಭಾಷಿ ಸಾಹೇಬರಿಗೆ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಫಿಸಿಕ್ಸಿನ ಪ್ರಶ್ನೆ ಕೇಳಿರಲಿಲ್ಲ. ಅವರು ಸಂತೋಷದಿಂದ ಎರಡು ಹೆಜ್ಜೆ ಮುಂದೆ ಬಂದರು. "ಭೂಮಿಗೆ ಮಾತ್ರ ಒಂದು. ಮಂಗಳನಿಗೆ ಎರಡು. ಗುರುವಿಗೆ ತೊಂಬತ್ತಕ್ಕೂ ಹೆಚ್ಚು. ಶನಿಗೆ, ಈವರೆಗೆ ಸಿಕ್ಕಿರೋ ಪ್ರಕಾರ, ಇನ್ನೂರ ಎಪ್ಪತ್ನಾಲ್ಕು!"

ಗುಂಪಿನಲ್ಲಿ ಎಲ್ಲರೂ ಬೆರಳು ಮಡಚಿ ಎಣಿಸತೊಡಗಿದರು. ಶಿವರಾಮುವಿಗೆ ಆ ಎಣಿಕೆಯ ಅರ್ಥ ಆದಷ್ಟು ಬೇಗ ಬೇರೆ ಯಾರಿಗೂ ಆಗಲಿಲ್ಲ. ಅವರು ಸೂಟ್‌ಕೇಸಿನ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಗುರು ನಮ್ದು!" ಎಂದು ಕೂಗಿದ ಕರಿಯಪ್ಪ. "ತೊಂಬತ್ತೂ ನಮ್ ವಂಸದೋರ್ಗೆ!"

"ನಮ್ಮವ್ವಂಗೊಂದು ಬರ್ಕೊಳಿ ಮೇಷ್ಟ್ರೇ!" "ನಮ್ ಅಣ್ಣಂಗೊಂದು!" "ನಮ್ಮಪ್ಪಂಗೆ ಬಿಸಿಲಿಲ್ದಿರೋದು!" ಐವತ್ತು ಜನ ನೂರಾದರು. ಇಷ್ಟು ದಿನ ಗ್ರಹವಿಲ್ಲದೆ ಹೊಟ್ಟೆಕಿಚ್ಚಿನಲ್ಲಿ ಬೆಂದಿದ್ದ ಮನೆಗಳೆಲ್ಲ ಒಟ್ಟಿಗೆ ನುಗ್ಗಿದವು. ಚಲುವಮ್ಮ ಸೌಟನ್ನು ಮೇಲೆತ್ತಿ, "ಸನಿ ನಮ್ಮತ್ತೇದ್ರೋ! ಇನ್ನೂರೆಪ್ಪತ್ನಾಲ್ಕೂ ನಮ್ಮತ್ತೆ ಸುತ್ತ ಸುತ್ತಬೇಕಾದೋವು. ಬೇಕಾದೋರು ನನ್ನ ಕೇಳಿ, ಸಾಲಾಗ್ ನಿಂತ್ಕಳಿ!" ಎಂದಳು. ಜನ ನಿಜವಾಗಿಯೂ ಸಾಲಾಗಿ ನಿಂತರು.

ಸಾಹೇಬರು ಮೈಮರೆತಿದ್ದರು. "ಮೇಡಂ, ಶನಿಯ ಅಷ್ಟೂ ಚಂದ್ರರಿರೋ ಗೋಡೆ ಇಡೀ ಜಿಲ್ಲೇಲಿ ಇಲ್ಲ! ಜನವರೀಲಿ ಎಲ್ಲಾ ಶಾಲೆಗಳೋರನ್ನೂ ಇಲ್ಲಿಗೆ ಕರ್ಕೊಂಡು ಬರ್ತೀನಿ. ಬರೆಯೋ ಮೇಷ್ಟ್ರು ಯಾರು?"

ನಾಗಶ್ರೀ ಮೇಡಂ ಶಿವರಾಮುವನ್ನು ತೋರಿಸಿದರು. "ಆದ್ರೆ ಸಾರ್, ಇವರು ಇವತ್ತೇ ರಿಲೀವ್..."

"ಛೆ ಛೆ! ಇಂಥವರನ್ನ ಬಿಡೋದುಂಟಾ? ತಾರೀಖು ಮುಂದಕ್ಕೆ ಹಾಕಿಸೋದು ನನ್ನ ಜವಾಬ್ದಾರಿ. ಗೋಡೆ ಮುಗಿಯೋವರೆಗೂ ಇಲ್ಲೇ ಇರಲಿ" ಎಂದು ಸಾಹೇಬರು ಶಿವರಾಮುವಿನ ಬೆನ್ನು ತಟ್ಟಿ, "ತಿಂಗಳಿಗೆ ಐವತ್ತು ಚಂದ್ರ ಆದ್ರೂ ಆಗುತ್ತಲ್ಲ?" ಎಂದು ಜೀಪು ಹತ್ತಿದರು.

ನಾಲ್ಕೂವರೆಯ ಬಸ್ಸು ಬಂದು, ಹಾರನ್ನು ಹೊಡೆದು, ಹೋಯಿತು. ಶಿವರಾಮು ಹೊಂಗೆ ಮರದ ಕೆಳಗೆ ಸೂಟ್‌ಕೇಸಿನ ಮೇಲೆ ಕುಳಿತು, ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮರಳಿಕೊಪ್ಪಲಿನ ಸತ್ತವರ ಹೆಸರು ಬರೆದುಕೊಳ್ಳುತ್ತಿದ್ದರು. ಅರವತ್ತೆರಡನೆಯ ಹೆಸರಿನ ಹೊತ್ತಿಗೆ ಶ್ವೇತಳ ಫೋನು ಬಂತು.

"ಹೊರಟ್ರಾ? ಇವಳು ಬಾಗಿಲಲ್ಲೇ ನಿಂತಿದ್ದಾಳೆ. ಅಕ್ಕಿ ಎಷ್ಟು ಹಾಕಲಿ?"

ಶಿವರಾಮು ಹೇಳಿದರು. ಬೆಳಿಗ್ಗೆಯಿಂದ ಆದದ್ದನ್ನೆಲ್ಲ, ಒಂದನ್ನೂ ಬಿಡದೆ. ಶ್ವೇತ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅತ್ತಳು. ಅತ್ತ ಮೇಲೆ ಬೈದಳು. ಆರು ವರ್ಷದ ಬೈಗುಳ, ಅವಳು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದು, ಒಂದೊಂದಾಗಿ ಬಂತು. "ಊರಿನವರ ಹಿರಿಯರೆಲ್ಲ ನಿಮಗೆ ಬೇಕು, ಹೆಂಡ್ತಿ ಮಗಳು ಬೇಡ" ಎಂದಳು. ಶಿವರಾಮು ಫೋನನ್ನು ಕಿವಿಗಿಟ್ಟುಕೊಂಡು ಹೂಂ ಹೂಂ ಅನ್ನುತ್ತ ಕೂತರು. ಅವಳು ಹೇಳುತ್ತಿದ್ದದ್ದೆಲ್ಲ ನಿಜವೆಂದು ಅವರಿಗೂ ಅನ್ನಿಸುತ್ತಿತ್ತು.

ಮಾತು ತಟ್ಟನೆ ನಿಂತಿತು. ಫೋನು ಕಡಿದುಹೋಯಿತೇನೋ ಎಂದು ನೋಡಿದರು. ಇಲ್ಲ, ಅವಳು ಉಸಿರಾಡುವುದು ಕೇಳುತ್ತಿತ್ತು.

"ರೀ" ಎಂದಳು ಶ್ವೇತ, ದನಿ ತಗ್ಗಿಸಿ. "ಇನ್ನೂರ ಎಪ್ಪತ್ನಾಲ್ಕರಲ್ಲಿ ಇನ್ನೂ ಖಾಲಿ ಇವೆಯಾ?"

"ಇವೆ. ಯಾಕೆ?"

"ನಮ್ಮೂರು ಯಲಿಯೂರಲ್ಲಿ ನಮ್ಮಪ್ಪನ ಹೆಸರು ಎಲ್ಲೂ ಇಲ್ಲ ಕಣ್ರೀ. ಒಂದು ಕಲ್ಲಿನ ಮೇಲೂ ಇಲ್ಲ." "ಚಲುವರಾಜು ಅಂತ ಬರೀರಿ. ತೀರಾ ಸಣ್ಣದು ಬೇಡ. ಎಷ್ಟು ತಿಂಗಳಾದ್ರೂ ಆಗಲಿ, ಅರ್ಜೆಂಟ್ ಮಾಡ್ಕೊಂಡು ಅಂದಗೆಡಿಸಬೇಡಿ."

ಶಿವರಾಮು ಹಾಳೆ ತಿರುವಿ, ಅರವತ್ಮೂರು ಎಂದು ನಂಬರು ಹಾಕಿದರು.

"ಇನಿಷಿಯಲ್ ಏನು?" ಎಂದು ಕೇಳಿದರು.